ಮೂರು ಕೊಟೇಶನ್, ಒಂದು ಪೆನ್ಸಿಲ್

ಊಟದ ಮೇಜಿನ ಮೇಲೆ ಕೊಟೇಶನ್ ಹರಡಿದ್ದೇನೆ.
ಹಾರದಂತೆ ಒಂದರ ಮೇಲೆ ಉಪ್ಪಿನ ಡಬ್ಬಿ,
ಒಂದರ ಮೇಲೆ ಮೌಸ್.
ಮೂರನೆಯದು ಬಾಯಿಮಾತು,
ಅದಕ್ಕೆ ಭಾರ ಇಡುವುದು ಹೇಗೆ?

ವಿಷಯ ಇಷ್ಟೆ:
ನನ್ನ ಲೈಸೆನ್ಸಿನ ಅವಧಿ ಮುಗಿದು ಇವತ್ತಿಗೆ ಮೂವತ್ತೊಂದು ದಿನ.
ನಾನು ಬರೆದ ಸಾಫ್ಟ್‌ವೇರ್ ಎಂಥದ್ದು ಗೊತ್ತೆ?
ಶಾರ್ಜಾದ ಹನ್ನೆರಡು ಬಕಾಲಗಳಲ್ಲಿ
ಮೊಸರು ಕೆಡುವ ಮೂರು ದಿನ ಮೊದಲೇ
ಅಂಗಡಿಯವನ ಫೋನು ಗುಂಯ್ ಅನ್ನುತ್ತದೆ.
ಬ್ರೆಡ್ಡು, ಲಬಾನ್, ಈಸ್ಟು, ಮಗುವಿನ ಹಾಲಿನ ಪುಡಿ,
ಯಾವುದೂ ಇಂದಿನವರೆಗೆ ಶೆಲ್ಫಿನಲ್ಲಿ ಸತ್ತಿಲ್ಲ.
ಸತ್ತದ್ದು ನನ್ನದೊಂದೇ.

ಮೊದಲನೆಯವರು ಹತ್ತೊಂಬತ್ತನೇ ಮಹಡಿಯವರು.
ಗಾಜಿನ ಬಾಗಿಲು, ಖರ್ಜೂರ, ಏಲಕ್ಕಿ ಹಾಕಿದ ಗಹ್ವಾ.
ಹುಡುಗಿ ಪ್ಲಾಟಿನಂ ಅಂದಳು, ಗೋಲ್ಡ್ ಅಂದಳು, ಸಿಲ್ವರ್ ಅಂದಳು.
ತಾಮ್ರದ್ದು ಉಂಟಾ ಕೇಳಿದೆ.
ನಕ್ಕಳು. ಇಲ್ಲ ಅಂತ ಅರ್ಥ.
ಪಟ್ಟಿಯ ಹದಿನೇಳನೇ ಸಾಲು: ಇತರೆ.
ಇತರೆಯ ಬೆಲೆ ಉಳಿದ ಹದಿನಾರಕ್ಕಿಂತ ಜಾಸ್ತಿ.

ಎರಡನೆಯದು ಬರೀ ಆ್ಯಪ್, ಮನುಷ್ಯರೇ ಇಲ್ಲ.
ಅಗ್ಗ. ಚಂದ. ನನ್ನ ಕಸುಬಿನವನೇ ಯಾರೋ ಬರೆದದ್ದು,
ಬಟನ್ನಿನ ಮೂಲೆಗಳನ್ನು ಅಷ್ಟು ಅಕ್ಕರೆಯಿಂದ ದುಂಡಗೆ ಮಾಡಿದ್ದಾನೆ
ಅಂದರೆ ರಾತ್ರಿ ಎರಡು ಗಂಟೆ ಆಗಿದ್ದಿರಬೇಕು.
ನಿಮ್ಮ ಚಟುವಟಿಕೆ ಆರಿಸಿ, ಅಂದಿತು.
ಹೆಸರುಗಳು ಇಳಿದವು, ಇಳಿದವು:
ಒಂಟೆಯ ಮೇವು, ಹಡಗಿನ ಬಣ್ಣ, ಬೇಟೆ ಗಿಡುಗದ ಆರೈಕೆ,
ಕೃತಕ ಹುಲ್ಲು.
ಬೆರಳು ಸೋತಿತು. ನಾನು ಎಲ್ಲಿದ್ದೇನೆ ಇದರಲ್ಲಿ?
ತಪ್ಪು ಹೆಸರು ಒತ್ತಿದರೆ ದಂಡ ಒತ್ತಿದವನಿಗೇ ಎಂದು
ಹನ್ನೊಂದನೇ ಪುಟದಲ್ಲಿ ಇರುವೆಸಾಲಿನಂಥ ಅಕ್ಷರದಲ್ಲಿ
ಬರೆದಿಟ್ಟಿದ್ದಾನೆ ಅದೇ ಅಕ್ಕರೆಯವ.

ಮೂರನೆಯದು ರೋಲಾದ ಹಿಂದಿನ ಗಲ್ಲಿ.
ಟೈಲರನಿಗೂ ಸಿಮ್ ಕಾರ್ಡಿನವನಿಗೂ ನಡುವೆ
ಫರಂಗಿಪೇಟೆಯ ಮೈಮೂನಾಳ ಟೈಪಿಂಗ್ ಸೆಂಟರ್.
ಸ್ಕಾರ್ಫಿನ ಮಡಿಕೆಯಲ್ಲಿ ಪೆನ್ಸಿಲ್.
‘ಎಂತ ಮಾರ್ತೀರಿ?’
ಕ್ಲೌಡ್ ಅಂದೆ, ಇನ್ವೆಂಟರಿ ಅಂದೆ, ತಿಂಗಳ ಚಂದಾ ಅಂದೆ.
‘ಅದೆಲ್ಲ ಇರಲಿ ಮಾರಾಯ್ರೆ. ಕೈಗೆ ಎಂತ ಕೊಡ್ತೀರಿ?’
ಕೈಗೆ ಏನೂ ಇಲ್ಲ. ನೆನಪು ಮಾಡಿಕೊಡ್ತೇನೆ.
‘ಹಾಗಾದ್ರೆ ನನ್ನದೂ ಅದೇ’ ಅಂದು ದಪ್ಪ ಡೈರಿ ಬಿಚ್ಚಿದಳು.
ಯಾರ ವೀಸಾ, ಯಾರ ಲೈಸೆನ್ಸ್, ಯಾರ ಅಂಗಡಿಯ ಬಾಡಿಗೆ ಕರಾರು
ಯಾವತ್ತು ಮುಗಿಯುತ್ತದೆ, ಎಲ್ಲ ಪೆನ್ಸಿಲಿನಲ್ಲಿ.
ಪೆನ್ನು ಯಾಕಿಲ್ಲ?
‘ತಾರೀಕು ಬದಲಾಗ್ತದಲ್ಲ. ಕೆಲವರು ಹೋಗಿಯೇ ಬಿಡ್ತಾರೆ.’
ಅಳಿಸಿ ಅಳಿಸಿ ತೆಳ್ಳಗಾದ ಕಡೆ
ಹಿಂದಿನ ತಿಂಗಳು ಕಾಣುತ್ತಿತ್ತು.
ಎಷ್ಟಾಗ್ತದೆ ಅಂದರೆ, ಸರ್ಕಾರದ್ದು ಬೇರೆ,
ನನ್ನದು ನೀವು ಕೊಟ್ಟಷ್ಟು;
ದಂಡ ಬಿದ್ದರೆ ನಾನು ಕಟ್ಟುವುದಿಲ್ಲ, ಬೈತೇನೆ.

ರಾತ್ರಿ ಎಕ್ಸೆಲ್ಲಿನಲ್ಲಿ ಮೂವರನ್ನೂ ನಿಲ್ಲಿಸಿದೆ.
ಬೆಲೆ, ವೇಗ, ಗ್ಯಾರಂಟಿ.
ಕೊನೆಗೆ ಬೈಗುಳ ಅಂತ ಇನ್ನೊಂದು ಕಾಲಂ ಎಳೆದೆ.
ಗಾಜಿನವರು: ಇಲ್ಲ. ಆ್ಯಪ್: ಇಲ್ಲ.
ಮೈಮೂನಾ: ಉಚಿತ.

ಬೆಳಿಗ್ಗೆ ಹೋದರೆ ಶಟರ್ ಅರ್ಧ ಇಳಿದಿತ್ತು.
ಬಗ್ಗಿ ನೋಡಿದೆ. ಲೈಟಿಲ್ಲ, ಕುರ್ಚಿಯಲ್ಲಿ ಅವಳು,
ಮಡಿಲಲ್ಲಿ ಡೈರಿ.
‘ನನ್ನ ಸೆಂಟರಿನದ್ದೇ ಮರೆತುಹೋಯ್ತು. ಎರಡು ದಿನ ಆಯ್ತು.
ಎಲ್ಲರದ್ದೂ ಬರೆದೆ, ನನ್ನದು ಬರೆಯಲೇ ಇಲ್ಲ.’
ಬೈಯಬೇಕಿತ್ತು ನಾನು. ಒಪ್ಪಂದದಲ್ಲಿ ಅದು ಇರಲಿಲ್ಲ.
ಮೆಟ್ಟಿಲಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ.
ಹದಿಮೂರನೇ ಅಂಗಡಿ, ಒಂದೇ ಸಾಮಾನು, ಬಾಳಿಕೆ ಒಂದು ವರ್ಷ.
ಯಾವ ಉಷ್ಣತೆಯಲ್ಲಿ ಇಡಬೇಕು? ನನ್ನದೇ ಪ್ರೋಗ್ರಾಂ ಕೇಳಿತು.
ಗಲ್ಲಿಯಲ್ಲಿ ಆಗಲೇ ನಲವತ್ತಾರು.
ಒಳಗಿನಿಂದ ಟೈಲರನ ಚಹಾದ ಒಂದು ಲೋಟ
ಶಟರಿನ ಕೆಳಗೆ ನನ್ನ ಕಡೆ ಸರಿಯಿತು.
ಆ ಜಾಗ ಖಾಲಿ ಬಿಟ್ಟು
ಸೇವ್ ಒತ್ತಿದೆ.